ರೊಟ್ಟಿಯ ಜೊತೆ ಆಯುಷ್ಯ!

ಹರಿಕಥಾಮೃತಸಾರ ಕೇಳಿದ್ದೀರಿ ತಾನೇ? ಮಧ್ವ ಸಿದ್ಧಾಂತದ ಸಾರವೆಲ್ಲ ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳಲ್ಲಿ, ಕನ್ನಡದಲ್ಲಿ! ಬರೆದವರು ಮಾನ್ವಿಯ ಜಗನ್ನಾಥದಾಸರು.

ಈಗ ಊಹಿಸಿ. ಕನ್ನಡದಲ್ಲಿ ಹಾಡು ಕಟ್ಟುವ ದಾಸರನ್ನು ಕಂಡರೆ ಇವರಿಗೆ ಮೊದಮೊದಲು ಏನನಿಸುತ್ತಿತ್ತು?

ತಾತ್ಸಾರ! ಹೌದು, ಶುದ್ಧ ತಾತ್ಸಾರ!

ಆಗಿನ್ನೂ ಅವರು ಶ್ರೀನಿವಾಸಾಚಾರ್ಯರು. ವರದೇಂದ್ರ ತೀರ್ಥರ ಬಳಿ ಓದಿದ ಘನ ಸಂಸ್ಕೃತ ಪಂಡಿತರು. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದರೆ, 'ಹೊಟ್ಟೆನೋವು' ಎಂದು ಜಾರಿಕೊಂಡರಂತೆ.

ನೆಪ ನಿಜವಾಯಿತು! ಯಾವ ಔಷಧವೂ ನಾಟಲಿಲ್ಲ. ಕೊನೆಗೆ ಪಂಡಿತರೇ ದಾಸರ ಬಾಗಿಲಿಗೆ ಬಂದರು.

ವಿಜಯದಾಸರು ಬೈದರೇ? ಇಲ್ಲ! 'ನಮ್ಮ ಗೋಪಾಲನ ಹತ್ತಿರ ಹೋಗಿ' ಎಂದು ಕಳಿಸಿದರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಅವರು ಕೊಟ್ಟ ಮದ್ದು?

ಜೋಳದ ರೊಟ್ಟಿ! ಜೊತೆಗೆ ತಮ್ಮದೇ ಆಯುಷ್ಯದ ಒಂದು ಪಾಲು. ಎಷ್ಟು ವರ್ಷ? ತಡೆಯಿರಿ, ಹೇಳುತ್ತೇನೆ.

ಮೊದಲು ಈ ನಂಟಿನ ಸೋಜಿಗ ನೋಡಿ. ಪಂಡಿತರ ಬಳಿ ಶಾಸ್ತ್ರವಿತ್ತು. ದಾಸರ ಬಳಿ ಕನ್ನಡವಿತ್ತು, ಮನೆಮನೆಯ ಜನವಿತ್ತು. ಎರಡು ಬಳಗಗಳ ನಡುವೆ ಬಾಗಿಲು ಮುಚ್ಚಿತ್ತು. ಒಬ್ಬರು ಇನ್ನೊಬ್ಬರನ್ನು ನಂಬಿದ ಗಳಿಗೆಗೆ ಅದು ತೆರೆಯಿತು! ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು! ಹರಿಕಥಾಮೃತಸಾರ ಹುಟ್ಟಿದ್ದು ಆ ಬಾಗಿಲಲ್ಲಿ!

ನಂಬಿಕೆಗೆ ಮುದ್ರೆಯೂ ಇತ್ತು: ದಾಸರು ತಮ್ಮ ಹಾಡಿನಲ್ಲಿ ಇಡುವ ಅಂಕಿತ. ವಿಜಯ ವಿಠಲ. ಗೋಪಾಲ ವಿಠಲ. ಜಗನ್ನಾಥ ವಿಠಲ. ಅಂಕಿತ ಕೇಳಿದರೆ ಸಾಕು, ಹಾಡು ಯಾರದು, ಯಾವ ಬಳಗದ್ದು ಎಂದು ತಿಳಿಯುತ್ತದೆ!   

ಸರಿ, ಈಗ ಆಯುಷ್ಯದ ಆ ಲೆಕ್ಕ. ಸಂಪ್ರದಾಯ ಹೇಳುವುದು 40 ವರ್ಷ! ಸಾಮಾನ್ಯವಾಗಿ ಕೊಡುವ ಇಸವಿಗಳನ್ನೇ ಹಿಡಿಯಿರಿ. ಗೋಪಾಲದಾಸರು 1721ರಿಂದ 1762: 41 ವರ್ಷ. ಜಗನ್ನಾಥದಾಸರು 1728ರಿಂದ 1809: 81 ವರ್ಷ. ಕಳೆಯಿರಿ. ಸರಿಯಾಗಿ 40!

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಇದನ್ನು ಕೇಳಿ. ಪಂಡಿತರು ಮೂಗು ಮುರಿದಿದ್ದ ಅದೇ ಕನ್ನಡದ ಕೃತಿಗೆ ಮುಂದೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬಂತು! ಗಂಗೆ ಹಿಮ್ಮುಖ ಹರಿದಳು!

ಇನ್ನೂ ಒಂದಿದೆ. ಗೋಪಾಲದಾಸರು ನಂಬಿ ಹರಸಿದ ಮತ್ತೊಬ್ಬರು ಯಾರು ಗೊತ್ತೇ? ಹೆಳವನಕಟ್ಟೆ ಗಿರಿಯಮ್ಮ! ಮಠದ ಪಾಠಶಾಲೆಗೆ ಹೆಣ್ಣುಮಕ್ಕಳು ಕಾಲಿಡಲಾಗದ ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ತನ್ನದೇ ಅಂಕಿತದಲ್ಲಿ ಕಾವ್ಯ ಬರೆದಳು!