ಚಿತ್ರಮಂದಿರದ ಅರ್ಧ ಕತ್ತಲು

ಚಲಚ್ಚಿತ್ರವನ್ನು ನೋಡಿ ಬಂದವರು ವರ್ಷಗಳು ಕಳೆದ ಮೇಲೂ ನೆನೆಯುವುದು ಕಥೆಯನ್ನು ಮಾತ್ರವಲ್ಲ. ಟೆಂಟಿನೊಳಗಣ ಮರಳು ನೆಲ, ತಲೆಯ ಮೇಲೆ ಹಾಯುತ್ತಿದ್ದ ಬೆಳಕಿನ ಕೋಲು, ಅದರಲ್ಲಿ ಸುಳಿಯುತ್ತಿದ್ದ ಬೀಡಿಯ ಹೊಗೆ, ರೀಲು ಕಡಿದಾಗ ಎದ್ದ ಶಿಳ್ಳೆ, ಪೌರಾಣಿಕ ಚಿತ್ರದಲ್ಲಿ ಹಿಮ್ಮುಖವಾಗಿ ತಿರುಗಿದ ರಥದ ಗಾಲಿ, ಇವೆಲ್ಲವೂ ಆ ನೆನಪಿನಲ್ಲಿ ಸೇರಿರುತ್ತವೆ. ಈ ಅನುಭವಗಳಲ್ಲಿ ಒಂದೊಂದಕ್ಕೂ ಒಂದೊಂದು ಕಾರಣವುಂಟು. ಅವನ್ನು ವಿಚಾರಿಸಹೊರಟರೆ ಯಂತ್ರದ ಗುಟ್ಟಿನ ಜೊತೆಗೆ ನಮ್ಮ ಕಣ್ಣು ಮನಸ್ಸುಗಳ ಗುಟ್ಟೂ ಹೊರಬೀಳುತ್ತದೆ.

ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಲೂಮಿಯೇರ್ ಸಹೋದರರು ಮೊತ್ತಮೊದಲು ಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು, ಪ್ಯಾರಿಸ್ ನಗರದಲ್ಲಿ. ಆರೇಳು ತಿಂಗಳೊಳಗಾಗಿ, 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿಯೂ ಆ ಪ್ರದರ್ಶನ ನಡೆಯಿತು. ಅಂದಿನಿಂದ ಒಂದು ಶತಮಾನಕ್ಕೂ ಮಿಕ್ಕಿ ಚಿತ್ರಮಂದಿರಗಳನ್ನು ಆಳಿದ್ದು 35 ಮಿಲಿಮೀಟರ್ ಅಗಲದ, ಅಂಚಿನಲ್ಲಿ ರಂಧ್ರಗಳುಳ್ಳ ಒಂದು ಪಾರದರ್ಶಕ ಪಟ್ಟಿ. ಮಾತಿನ ಚಿತ್ರಗಳು ಬಂದ ಮೇಲೆ ಅದರ ವೇಗ ಸೆಕೆಂಡಿಗೆ 24 ಚಿತ್ರಗಳೆಂದು ನಿಗದಿಯಾಯಿತು. ಎರಡೂವರೆ ಗಂಟೆಯ ಒಂದು ಚಿತ್ರಕ್ಕೆ 2,16,000 ಬಿಡಿ ಚಿತ್ರಗಳು ಬೇಕು. ಪಟ್ಟಿಯ ಉದ್ದ ನಾಲ್ಕು ಕಿಲೋಮೀಟರಿಗೂ ಹೆಚ್ಚು.

ಈ ಪಟ್ಟಿ ದೀಪದ ಮುಂದೆ ಹೊಳೆಯಂತೆ ಹರಿಯುತ್ತದೆಂದು ಹಲವರು ತಿಳಿದಿದ್ದಾರೆ. ಹಾಗೆ ಹರಿದಿದ್ದರೆ ತೆರೆಯ ಮೇಲೆ ಬರಿಯ ಮಬ್ಬು ಗೆರೆಗಳು ಕಾಣುತ್ತಿದ್ದುವು. ನಿಜದಲ್ಲಿ ಪಟ್ಟಿ ನಿಂತು ನಿಂತು ಸಾಗುತ್ತದೆ. ಪ್ರೊಜೆಕ್ಟರಿನೊಳಗೆ ಮಾಲ್ಟಾ ಶಿಲುಬೆಯ ಆಕಾರದ ಒಂದು ಚಕ್ರವಿದೆ. ಅದು ಪಟ್ಟಿಯನ್ನು ಒಂದು ಚಿತ್ರದಷ್ಟು ಸರಕ್ಕನೆ ಕೆಳಗೆಳೆದು, ಬಳಿಕ ಅದಕ್ಕೆ ಮೂರುಪಟ್ಟು ಹೊತ್ತು ಅಲುಗದಂತೆ ಹಿಡಿದು ನಿಲ್ಲಿಸುತ್ತದೆ. ಎಳೆಯುವ ಕಾಲ ಸೆಕೆಂಡಿನ 96ನೆಯ ಒಂದು ಭಾಗ. ಆ ಎಳೆತ ನಮ್ಮ ಕಣ್ಣಿಗೆ ಬೀಳದಂತೆ ಷಟರ್ ಎಂಬ ತಿರುಗುವ ರೆಕ್ಕೆ ಬೆಳಕನ್ನು ಮುಚ್ಚುತ್ತದೆ.

ಸೆಕೆಂಡಿಗೆ 24 ಬಾರಿ ಬೆಳಕು ಆರಿ ಹತ್ತಿದರೆ ಕಣ್ಣಿಗೆ ಮಿಣುಕು ತಟ್ಟದೆ ಇರದು. ಅದಕ್ಕಾಗಿ ಷಟರಿಗೆ ಎರಡನೆಯ ರೆಕ್ಕೆಯೊಂದನ್ನು ಜೋಡಿಸಿದರು. ಅದು ಚಿತ್ರ ಸ್ಥಿರವಾಗಿ ನಿಂತಿರುವಾಗಲೇ ಒಮ್ಮೆ ಬೆಳಕಿಗೆ ಅಡ್ಡ ಬರುತ್ತದೆ. ಒಂದೊಂದು ಚಿತ್ರವೂ ಎರಡೆರಡು ಸಲ ಬೆಳಗುವುದರಿಂದ ಸೆಕೆಂಡಿಗೆ 48 ಮಿಂಚುಗಳಾಗುತ್ತವೆ. ಚಿತ್ರಮಂದಿರದ ಮಂದ ಬೆಳಕಿನಲ್ಲಿ ಇಷ್ಟು ವೇಗದ ಮಿಣುಕು ಕಣ್ಣಿಗೆ ತಿಳಿಯುವುದಿಲ್ಲ. ಈಗ ಲೆಕ್ಕ ಹಾಕಿ ನೋಡೋಣ. ಎರಡು ರೆಕ್ಕೆಗಳೂ ಕಾಲುಕಾಲು ವೃತ್ತದಷ್ಟು ಅಗಲವಿದ್ದರೆ ತೆರೆಯ ಮೇಲೆ ಅರ್ಧ ಹೊತ್ತು ಬೆಳಕೇ ಇಲ್ಲ! ಇಂತಹ ಯಂತ್ರದಲ್ಲಿ ಎರಡು ಗಂಟೆಯ ಚಿತ್ರ ನೋಡಿದವನು ಒಂದು ಗಂಟೆ ಬರಿಯ ಕತ್ತಲನ್ನು ನೋಡಿದ್ದಾನೆ. ಆದರೂ ಅವನು ಕಂಡದ್ದು ಎಡೆಬಿಡದ ಬೆಳಕು.

ಹಾಗಾದರೆ ಚಲನೆ ಎಲ್ಲಿಂದ ಬಂತು? ಒಂದು ಚಿತ್ರದ ಮುದ್ರೆ ಕಣ್ಣಿನಲ್ಲಿ ಕ್ಷಣಕಾಲ ಉಳಿದು ಮುಂದಿನದರೊಡನೆ ಬೆರೆಯುವುದೇ ಕಾರಣವೆಂದು ಅನೇಕ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಈ ವಿವರಣೆ ಸಾಲದು. ಚಿತ್ರಗಳು ಕಣ್ಣಿನಲ್ಲಿ ಉಳಿದು ಬೆರೆತರೆ ಒಂದರ ಮೇಲೊಂದು ರಾಶಿಬಿದ್ದು ಕಲಸುಮೇಲೋಗರವಾಗಬೇಕೇ ಹೊರತು, ನಡೆಯುವ ಮನುಷ್ಯ ಕಾಣಬಾರದು. ಮಿಣುಕು ಅಡಗುವುದು ಒಂದು ಸಂಗತಿ, ಚಲನೆ ಹುಟ್ಟುವುದು ಇನ್ನೊಂದು. 1912ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್, ಅಕ್ಕಪಕ್ಕದ ಎರಡು ಗೆರೆಗಳನ್ನು ತಕ್ಕ ಅಂತರದಲ್ಲಿ ಒಂದಾದ ಮೇಲೊಂದರಂತೆ ತೋರಿಸಿದರೆ ಒಂದೇ ಗೆರೆ ಜಾಗ ಬದಲಿಸಿದಂತೆ ಕಾಣುತ್ತದೆಂದು ಪ್ರಯೋಗದಿಂದ ತೋರಿಸಿದನು. ಇದನ್ನು ತೋರಿಕೆಯ ಚಲನೆ ಎನ್ನಬಹುದು. ಮದುವೆಯ ಚಪ್ಪರದಲ್ಲಿಯೂ ಜಾತ್ರೆಯ ಮಂಟಪದಲ್ಲಿಯೂ ‘ಓಡುವ’ ದೀಪದ ಸರವನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಯಾವ ದೀಪವೂ ಓಡುವುದಿಲ್ಲ. ಸರದಿಯಂತೆ ಹತ್ತಿ ಆರುತ್ತವೆ, ಅಷ್ಟೆ. ಓಟ ನಮ್ಮ ಮಿದುಳಿನ ಕೊಡುಗೆ.

ಈ ಮಾತಿಗೆ ರಥದ ಗಾಲಿಯೇ ಸಾಕ್ಷಿ. 12 ಅರೆಕಾಲುಗಳುಳ್ಳ ಗಾಲಿಯಲ್ಲಿ ಒಂದಕ್ಕೂ ಮತ್ತೊಂದಕ್ಕೂ 30 ಡಿಗ್ರಿ ಅಂತರ. ಒಂದು ಚಿತ್ರದಿಂದ ಮುಂದಿನ ಚಿತ್ರದೊಳಗೆ ಗಾಲಿ 28 ಡಿಗ್ರಿ ಮುಂದೆ ತಿರುಗಿತೆನ್ನೋಣ. ಅರೆಕಾಲುಗಳೆಲ್ಲ ಒಂದೇ ತೆರನಾಗಿರುವುದರಿಂದ, 28 ಡಿಗ್ರಿ ಮುಂದೆ ಹೋಯಿತೋ 2 ಡಿಗ್ರಿ ಹಿಂದೆ ಬಂದಿತೋ ಚಿತ್ರದಿಂದ ತಿಳಿಯದು. ಮಿದುಳು ಹತ್ತಿರದ ದಾರಿಯನ್ನೇ ಆರಿಸಿಕೊಳ್ಳುತ್ತದೆ. ಕುದುರೆಗಳು ಮುಂದೆ ಓಡುತ್ತಿರುವಾಗಲೇ ಗಾಲಿ ಹಿಂದಕ್ಕೆ ಸುತ್ತುತ್ತದೆ!

ಇನ್ನು ರೀಲು ನಿಂತು, ತೆರೆಯ ಮೇಲೆ ನಾಯಕನ ಮುಖ ಗುಳ್ಳೆಯೆದ್ದು ಕರಗಿದುದನ್ನು ಕಂಡ ಹಿರಿಯರುಂಟು. ಆಗಿನ ಪ್ರೊಜೆಕ್ಟರುಗಳಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ತು ಹಾಯ್ದು ಉಜ್ಜ್ವಲವಾದ ಬೆಳಕನ್ನು ಕೊಡುತ್ತಿತ್ತು. ಕಡ್ಡಿಯ ತುದಿಯ ಶಾಖ 3,500 ಸೆಂಟಿಗ್ರೇಡಿಗೂ ಮೇಲೆ. ಸಾಗುತ್ತಿರುವ ಪಟ್ಟಿ ಈ ತಾಪವನ್ನು ತಾಳುತ್ತಿತ್ತು. ಸಿಕ್ಕಿಕೊಂಡ ಪಟ್ಟಿ ತಾಳುತ್ತಿರಲಿಲ್ಲ. ಕರಗಿದ್ದು ಪುಣ್ಯವೆಂದೇ ಹೇಳಬೇಕು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ಸೆಲ್ಯುಲೋಸ್ ನೈಟ್ರೇಟ್ ಪಟ್ಟಿ ಕರಗುತ್ತಿರಲಿಲ್ಲ, ಭಗ್ಗನೆ ಉರಿಯುತ್ತಿತ್ತು. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆ ಬೆಂಕಿ ನಂದದು. ಬಳಿಕ ಬಂದ ಅಸಿಟೇಟ್ ಪಟ್ಟಿಗೆ ‘ಸುರಕ್ಷಿತ’ವೆಂಬ ಹೆಸರು ಬಂದುದು ಇದರಿಂದಲೇ.

ಬೆಂಕಿ ತಗುಲದಿದ್ದರೂ ನೈಟ್ರೇಟಿಗೆ ಆಯುಷ್ಯ ಕಡಿಮೆ. ಅದು ತಾನಾಗಿ ಕೊಳೆಯುತ್ತದೆ. ಹೊರಬೀಳುವ ಆಮ್ಲ ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಸುರುಳಿ ಮೊದಲು ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ನಮ್ಮಂತಹ ಸೆಕೆಯ ನಾಡಿನಲ್ಲಿ ಈ ಕ್ರಿಯೆ ಬೇಗ. ತಂಪಾದ, ಒಣ ಕೋಣೆಯಲ್ಲಿಟ್ಟರೆ ಮಾತ್ರ ಅದನ್ನು ನಿಧಾನಗೊಳಿಸಬಹುದು. ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ಮೂಕಚಿತ್ರಗಳ ಬಹುಪಾಲು ನಾಶವಾಗಿ ಹೋಗಿತ್ತು. ಉಳಿಸಿಕೊಂಡಿದ್ದ ನೈಟ್ರೇಟ್ ಸುರುಳಿಗಳಲ್ಲಿಯೂ ಅನೇಕವು 2003ರಲ್ಲಿ ಪುಣೆಯಲ್ಲಿಯೇ ಬೆಂಕಿಗೆ ಆಹುತಿಯಾದುವು.

ಇಂದು ಬಹುತೇಕ ಚಿತ್ರಮಂದಿರಗಳಲ್ಲಿ ಪಟ್ಟಿಯೂ ಇಲ್ಲ, ಷಟರೂ ಇಲ್ಲ. ಡಿಜಿಟಲ್ ಪ್ರೊಜೆಕ್ಟರುಗಳು ಅವುಗಳ ಸ್ಥಾನವನ್ನು ಪಡೆದಿವೆ. ಅವುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಕನ್ನಡಿಗಳು ಓಲಾಡುತ್ತ ಬೆಳಕನ್ನು ತೆರೆಗೆ ಕಳುಹಿಸುತ್ತವೆ. ಕತ್ತಲಿನ ಪಾಲು ಹೋಯಿತು. ಸೆಕೆಂಡಿಗೆ 24 ಚಿತ್ರವೆಂಬ ಲೆಕ್ಕ ಮಾತ್ರ ಸಾಮಾನ್ಯವಾಗಿ ಉಳಿದಿದೆ. ಅವನ್ನು ಚಲನೆಯಾಗಿ ಹೆಣೆಯುವ ಕೆಲಸ ಈಗಲೂ ಪ್ರೇಕ್ಷಕನದೇ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಒಂದು ಪ್ರತಿಯೂ ಇಂದು ದೊರೆಯುವುದಿಲ್ಲ. ನೋಡಿದವರ ಮನಸ್ಸಿನಲ್ಲಿ ಅದು ಬಹುಕಾಲ ಚಲಿಸುತ್ತಿತ್ತು. ಅವರೊಡನೆಯೇ ಅದೂ ಮರೆಯಾಗುತ್ತ ಬಂದಿತು. ಚಲನೆಯನ್ನು ಮಿದುಳು ಕಟ್ಟಿಕೊಡಬಲ್ಲದು. ಆದರೆ ಅದಕ್ಕೆ ಬೇಕಾದ ಬಿಡಿ ಚಿತ್ರಗಳು ಎಲ್ಲಿಯಾದರೂ ಉಳಿದಿರಬೇಕು. ನಮ್ಮ ಊರಿನ ಹಳೆಯ ಟಾಕೀಸಿನ ಮೂಲೆಯಲ್ಲಿ ತುಕ್ಕುಹಿಡಿದ ರೀಲಿನ ಡಬ್ಬಿಯೊಂದು ಕಣ್ಣಿಗೆ ಬಿದ್ದರೆ, ಅದನ್ನು ಗುಜರಿಗೆ ಹಾಕದೆ ಬಲ್ಲವರಿಗೆ ತಿಳಿಸುವುದು ಒಳಿತು.