ಘಟ್ಟದ ಮೇಲಿನ ಬಂಧುಗಳನ್ನು ಹುಡುಕುವುದು ಹೇಗೆ?

ಕರಾವಳಿಯಿಂದ ಘಟ್ಟ ಹತ್ತಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ನೆಲೆನಿಂತ ಕ್ರೈಸ್ತ ಕುಟುಂಬಗಳು ಹಲವು. "ಅಜ್ಜಿಯ ತಮ್ಮನ ಮಕ್ಕಳು ಅಲ್ಲೆಲ್ಲೋ ಇದ್ದಾರಂತೆ" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರದ ಹಳ್ಳಿಗಳು ಮುಳುಗಿದಾಗ ಅಲ್ಲಿನವರ ಹಳೆಯ ವಿಳಾಸಗಳೂ ಇಲ್ಲವಾದವು. ಹಾಗಾದರೆ ಹುಡುಕುವುದೆಲ್ಲಿ?

ಮೊದಲು ಊರಿನ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ. ಮದುವೆ ಬೇರೆ ಕಡೆ ನಡೆದರೆ ಅಲ್ಲಿನ ಧರ್ಮಗುರುಗಳು ಜ್ಞಾನಸ್ನಾನವಾದ ಚರ್ಚಿಗೆ ತಿಳಿಸಬೇಕು. ಅದನ್ನು ಹೆಸರಿನ ಪಕ್ಕದಲ್ಲಿ ಷರಾ ಬರೆಯಬೇಕು. ಈ ನಿಯಮ 1908ರಿಂದ ಇದೆ. ಕುಂದಾಪುರದಲ್ಲಿ ಹುಟ್ಟಿದವರು ತೀರ್ಥಹಳ್ಳಿಯಲ್ಲಿ ಮದುವೆಯಾಗಿದ್ದರೆ ಸುಳಿವು ಕುಂದಾಪುರದಲ್ಲೇ ಸಿಕ್ಕೀತು. ಅಲ್ಲಿಂದ ಮದುವೆಯ ಪುಸ್ತಕ, ಬಳಿಕ ಮಕ್ಕಳ ಜ್ಞಾನಸ್ನಾನದ ಪುಸ್ತಕ, ಹೀಗೆ ಒಂದೊಂದೇ ತಲೆಮಾರು ಕೆಳಗಿಳಿಯಬೇಕು. ಜ್ಞಾನ ತಂದೆತಾಯಿಯರ ಹೆಸರುಗಳನ್ನೂ ಬರೆದುಕೊಳ್ಳಿ. ಹೆಚ್ಚಾಗಿ ಅವರು ನೆಂಟರೇ ಆಗಿರುತ್ತಾರೆ. ಈಗಿನ ಚರ್ಚು ಹೊಸದಾಗಿದ್ದರೆ ಅದರ ಮೂಲ ಚರ್ಚಿನಲ್ಲಿ ವಿಚಾರಿಸಿ. ಶಿವಮೊಗ್ಗ ಧರ್ಮಪ್ರಾಂತ್ಯವೇ ಸ್ಥಾಪನೆಯಾದದ್ದು 1988ರಲ್ಲಿ.

ಬದುಕಿರುವವರ ಸುಳಿವು ಸಿಕ್ಕಿದೊಡನೆ ನೇರವಾಗಿ ಮನೆಬಾಗಿಲಿಗೆ ಹೋಗಬೇಡಿ. ಅಲ್ಲಿನ ಧರ್ಮಗುರುಗಳ ಮೂಲಕ ಒಂದು ಪತ್ರ ಕಳುಹಿಸಿ. ಆಸ್ತಿಯ ಪಾಲು ಕೇಳಲು ಬಂದಿದ್ದಾರೆಂಬ ಅನುಮಾನ ಬರುವುದು ಸಹಜ. ಬಂದ ಉದ್ದೇಶವನ್ನು ಮೊದಲೇ ತಿಳಿಸಿ. ಉತ್ತರ ಕೊಡುವುದೂ ಬಿಡುವುದೂ ಅವರ ಇಷ್ಟ. ಅವರು ಒಪ್ಪುವವರೆಗೆ ವಿಳಾಸ, ಫೋನ್ ನಂಬರು ಯಾರಿಗೂ ಕೊಡದಂತೆ ಚರ್ಚ್ ಕಚೇರಿಯ ಸಿಬ್ಬಂದಿಯಲ್ಲಿ ನಮ್ಮ ವಿನಂತಿ.

ಪುಸ್ತಕ ತೆರೆಸಲು ಹೆಸರು, ಮನೆತನ, ಅಂದಾಜು ವರ್ಷವಾದರೂ ಬೇಕು. ಅದನ್ನು ಹೇಳಬಲ್ಲ ಹಿರಿಯರು ನಮ್ಮ ಮನೆಯಲ್ಲಿದ್ದರೆ ಈ ಭಾನುವಾರವೇ ಕೇಳಿ ಬರೆದಿಡೋಣ.