ಆಟದ ನಡುವೆ ಕಣ್ಣು ಮುಚ್ಚುವ ಗಣಕಯಂತ್ರ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯೇ ಪುರಾಣಪ್ರಸಿದ್ಧವಾದ ಚಂಪಕಾಪುರಿಯೆಂಬ ಪ್ರತೀತಿಯುಂಟು. ಹಂಸಧ್ವಜ ರಾಜನ ಮಗ ಸುಧನ್ವ ಯುದ್ಧಕ್ಕೆ ತಡವಾಗಿ ಬಂದನೆಂದು ಅವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿದ ಕಥೆಯನ್ನು ಜೈಮಿನಿ ಭಾರತದ ವಾಚನ ಕೇಳಿ ಬೆಳೆದವರೆಲ್ಲರೂ ಬಲ್ಲರು. ಸುಧನ್ವನ ಮೈ ಸುಡದೆ ಹೋದಾಗ, ಎಣ್ಣೆ ನಿಜವಾಗಿಯೂ ಕಾದಿದೆಯೇ ಎಂಬ ಶಂಕೆ ಪುರೋಹಿತರಿಗೆ ಬಂತು. ಒಂದು ತೆಂಗಿನಕಾಯಿಯನ್ನು ಅದರೊಳಗೆ ಹಾಕಿಸಿ ನೋಡಿದರು. ಕಾಯಿ ಸಿಡಿದು, ಅದರ ಹೋಳುಗಳು ಶಂಕಿಸಿದವರಿಗೇ ಬಡಿದವು. ಎಣ್ಣೆಯನ್ನು ಕಾಯಿಸಿದ್ದು ತೆಂಗಿನಕಾಯಿಯಲ್ಲ; ಎಣ್ಣೆ ಕಾದಿದೆಯೆಂಬುದನ್ನು ತೋರಿಸಿಕೊಟ್ಟದ್ದಷ್ಟೇ ಅದರ ಕೆಲಸ.

ಇಂದಿನ ಮನೆಗಳಲ್ಲಿ ನಡೆಯುವ ಒಂದು ವಿವಾದಕ್ಕೆ ಈ ಕಥೆ ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು, ತಮ್ಮ ಕೈಯಿಂದಲೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವ ತರುಣ ತರುಣಿಯರು ಈಗ ಕಡಿಮೆಯೇನಲ್ಲ. ಹಾಗೆ ಕಟ್ಟಿದ ಯಂತ್ರ ದಿನವಿಡೀ ಪಾಠ ಓದಿಸುತ್ತದೆ, ಲೆಕ್ಕ ಬರೆಸುತ್ತದೆ, ಸಿನಿಮಾ ತೋರಿಸುತ್ತದೆ. ಆದರೆ ಆಟವೊಂದನ್ನು ಆರಂಭಿಸಿ ಅರ್ಧ ಗಂಟೆ ಕಳೆಯುವುದರೊಳಗೆ ಅದು ಇದ್ದಕ್ಕಿದ್ದಂತೆ ಆರಿಹೋಗುತ್ತದೆ. “ಹಾಳು ಆಟದಿಂದಲೇ ಯಂತ್ರ ಕೆಟ್ಟಿತು” ಎಂಬುದು ಹಿರಿಯರ ತೀರ್ಪು. “ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು, ಹೊಸದು ಹಾಕಿಸಿಬಿಡಿ” ಎಂಬುದು ರಿಪೇರಿಯವರ ತೀರ್ಪು.

ಎರಡೂ ಆತುರದ ತೀರ್ಪುಗಳೇ. ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡಿಗೆ 25,000ದಿಂದ 30,000 ರೂಪಾಯಿ ತೆರಬೇಕಾಗುತ್ತದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಎರಡು ಕ್ವಿಂಟಲಿಗೂ ಮಿಗಿಲಾದ ಕೊಬ್ಬರಿ ಒಂದು ತಪ್ಪು ಊಹೆಗೆ ಬಲಿಯಾದಂತಾಯಿತು. ಹೊಸ ಕಾರ್ಡ್ ಹಾಕಿದ ಮೇಲೂ ಯಂತ್ರ ಆರಿದರೆ ಆಗ ಯಾರನ್ನು ದೂರುವುದು?

ಆಟವೇ ಏಕೆ?

ಪತ್ರ ಬರೆಯುವಾಗ ಯಂತ್ರದ ಮಿದುಳಾದ ಪ್ರೊಸೆಸರೂ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡೂ ಹೆಚ್ಚಿನ ವೇಳೆ ಬಿಡುವಾಗಿಯೇ ಇರುತ್ತವೆ. ಆಟದಲ್ಲಾದರೋ, ಪ್ರತಿ ಸೆಕೆಂಡಿಗೆ ಅರವತ್ತು ಅಥವಾ ಅದಕ್ಕೂ ಹೆಚ್ಚು ಚಿತ್ರಗಳನ್ನು ಹೊಸದಾಗಿ ರಚಿಸಬೇಕು. ಸಾಧಾರಣ ಗಾತ್ರದ ಕಾರ್ಡೊಂದೇ 170 ವ್ಯಾಟ್‌ನಷ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಪ್ರೊಸೆಸರ್ ಮೊದಲಾದವು ಸೇರಿದರೆ ಬೇಡಿಕೆ 300 ವ್ಯಾಟ್ ಮುಟ್ಟುತ್ತದೆ. ಸೆಳೆದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿ ಹೊರಬರಲೇಬೇಕು. ಆದ್ದರಿಂದ ಯಂತ್ರದಲ್ಲಿ ಎಲ್ಲಿಯೇ ದುರ್ಬಲತೆಯಿದ್ದರೂ ಅದು ಹೊರಬೀಳುವುದು ಆಟದ ಹೊತ್ತಿನಲ್ಲೇ. ಆಟವು ಕೊಪ್ಪರಿಗೆಗೆ ಬಿದ್ದ ತೆಂಗಿನಕಾಯಿ. ದೋಷಕ್ಕೆ ಅದು ಸಾಕ್ಷಿಯೇ ಹೊರತು ಕಾರಣವಲ್ಲ.

ಆರಿದ ಬಗೆ ಹೇಗೆ?

ವೈದ್ಯರು ಮೊದಲು ಲಕ್ಷಣ ಕೇಳುತ್ತಾರೆ. ಇಲ್ಲಿಯೂ ಅದೇ ಕ್ರಮ. ಗೋಡೆಯ ಪ್ಲಗ್ ಕಿತ್ತಂತೆ ಯಂತ್ರವೆಲ್ಲ ಒಮ್ಮೆಗೇ ಆರಿದರೆ ಸಂಶಯ ಹೋಗಬೇಕಾದದ್ದು ಮುಖ್ಯವಾಗಿ ವಿದ್ಯುತ್ ಪೂರೈಕೆಯ ಕಡೆಗೆ. ಚಿತ್ರ ಮೊದಲು ತಡವರಿಸಿ, ಪಂಖಗಳು ಬೊಬ್ಬಿರಿದು, ಆಮೇಲೆ ಆರಿದರೆ ಶಾಖದ ಕಡೆಗೆ. ಸಂಕೇತಾಕ್ಷರಗಳುಳ್ಳ ನೀಲಿ ಪರದೆ ಬಂದರೆ ರ‍್ಯಾಮ್ ಅಥವಾ ಡ್ರೈವರ್ ತಂತ್ರಾಂಶದ ಕಡೆಗೆ. ಪರದೆ ಕಪ್ಪಾಗಿ ಸದ್ದು ಮಾತ್ರ ಮುಂದುವರಿದರೆ ಗ್ರಾಫಿಕ್ಸ್ ಕಾರ್ಡ್ ಮತ್ತು ಅದರ ಡ್ರೈವರ್ ಕಡೆಗೆ. ಒಂದೇ ಒಂದು ಆಟ ಮಾತ್ರ ಮುಚ್ಚಿಕೊಂಡು ಉಳಿದವು ಸರಾಗವಾಗಿ ನಡೆದರೆ, ಆ ಆಟದ ಕಡತಗಳನ್ನೇ ಮತ್ತೆ ಪರಿಶೀಲಿಸಬೇಕು.

ವಿಂಡೋಸ್‌ನ ಈವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಂಡು ಗಾಬರಿಯಾಗುವವರುಂಟು. ಯಂತ್ರ ಕ್ರಮವಾಗಿ ಮುಚ್ಚದೆ ಮತ್ತೆ ಶುರುವಾಯಿತೆಂಬುದಷ್ಟೇ ಅದರ ಅರ್ಥ. ಅದು ಮರಣದ ವಾರ್ತೆ, ಮರಣದ ಕಾರಣವಲ್ಲ. ಆದರೂ ಅದರಲ್ಲಿರುವ ವೇಳೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಊರಿಗೆ ಬಂದ ಮೇಲೆ

ಬೆಂಗಳೂರಿನಲ್ಲಿ ಸರಿಯಾಗಿದ್ದ ಯಂತ್ರವೊಂದನ್ನು ಬೇಸಗೆಯ ರಜೆಗೆಂದು ಸಂಪಿಗೆಯ ತೋಟದ ಮನೆಗೆ ತಂದರೆನ್ನಿ. ಅಲ್ಲಿ ಅದು ಆಟದ ನಡುವೆ ಆರತೊಡಗಿತು. ಯಂತ್ರ ಅದೇ, ಆಟವೂ ಅದೇ. ಹಾಗಾದರೆ ಬದಲಾದದ್ದೇನು? ಪ್ರಯಾಣದ ಕುಲುಕಾಟ, ಬಿಸಿಲು, ಧೂಳು, ವಿದ್ಯುತ್ತು – ಈ ನಾಲ್ಕು.

ಕುಲುಕಾಟದಿಂದ ಭಾರವಾದ ಗ್ರಾಫಿಕ್ಸ್ ಕಾರ್ಡ್ ತನ್ನ ಗಾಡಿಯಲ್ಲಿ ಕೂದಲೆಳೆಯಷ್ಟು ಜರುಗಿರಬಹುದು. ರ‍್ಯಾಮ್ ಪಟ್ಟಿ ಸಡಿಲಾಗಿರಬಹುದು. ವಿದ್ಯುತ್ ಕೇಬಲ್ಲಿನ ತುದಿ ಪೂರ್ತಿ ಕೂರದೆ ಇರಬಹುದು. ಪ್ಲಗ್ ತೆಗೆದು, ಇವುಗಳನ್ನು ಬಿಡಿಸಿ ಮತ್ತೆ ‘ಟಕ್’ ಎನ್ನುವಂತೆ ಕೂರಿಸಿದರೆ ಕಾಸಿನ ಖರ್ಚಿಲ್ಲದೆ ಸರಿಹೋಗುವ ಯಂತ್ರಗಳೆಷ್ಟೋ.

ಬಿಸಿಲಿನ ಲೆಕ್ಕ ಸರಳವಾದದ್ದು. ಕೋಣೆಯ ಶಾಖ 25 ಡಿಗ್ರಿ ಇದ್ದಾಗ ಪ್ರೊಸೆಸರ್ 80 ಡಿಗ್ರಿಗೆ ಏರುತ್ತಿದ್ದರೆ, 37 ಡಿಗ್ರಿಯ ಕೋಣೆಯಲ್ಲಿ ಅದು ಸುಮಾರು 92ಕ್ಕೆ ಏರುತ್ತದೆ. ಅನೇಕ ಪ್ರೊಸೆಸರುಗಳ ಮಿತಿ 90ರಿಂದ 100 ಡಿಗ್ರಿ. ಮಿತಿ ಸಮೀಪಿಸಿದಾಗ ಯಂತ್ರ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಸ್ವರಕ್ಷಣೆಗಾಗಿ ಆರಿಕೊಳ್ಳುತ್ತದೆ. ಇದರ ಮೇಲೆ ಕಾಯಿ ಸುಲಿಯುವಾಗ ಎದ್ದ ನಾರಿನ ಧೂಳು ಪಂಖದ ಬಾಯಿಗೆ ಕಟ್ಟಿಕೊಂಡರೆ ಕೇಳಬೇಕೆ? ಪಂಖ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಹೊಸದಾಗಿ ಕಟ್ಟಿದ ಯಂತ್ರವಾದರೆ, ಕೂಲರಿನ ತಳಕ್ಕೆ ಅಂಟಿಸಿ ಬಂದ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಸುಲಿಯಲು ಮರೆತಿಲ್ಲವಷ್ಟೆ ಎಂದು ನೋಡುವುದು ಅವಶ್ಯ. ಶಾಖಮಾಪಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ; ಆಟದ ವೇಳೆ ಅವು ತೋರಿಸುವ ಅಂಕೆಗಳನ್ನು ನೋಡಿಯೇ ಮಾತನಾಡಬೇಕು.

ಕಣ್ಣಿಗೆ ಕಾಣದ ಇಳಿತ

ನಾಲ್ಕನೆಯದಾದ ವಿದ್ಯುತ್ತೇ ಹಳ್ಳಿಯ ಮನೆಗಳಲ್ಲಿ ಬಹಳ ಸೂಕ್ಷ್ಮವಾದ ವಿಷಯ. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಐದು ಅಶ್ವಶಕ್ತಿಯ ಪಂಪ್‌ಸೆಟ್ಟಿನ ಮೋಟಾರು ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ತನ್ನ ಎಂದಿನ ಪ್ರಮಾಣದ ಐದಾರು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಇಂತಹ ಹಲವು ಮೋಟಾರುಗಳಿದ್ದರೆ ವೋಲ್ಟೇಜು ಕುಸಿಯುವುದು ಸಹಜ. ಊರಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಮಾರ್ಗಗಳನ್ನು ಕಲ್ಪಿಸುವ ನಿರಂತರ ಜ್ಯೋತಿ ಯೋಜನೆಯನ್ನು ರಾಜ್ಯದಲ್ಲಿ ಕೈಗೊಂಡದ್ದುಂಟು. ಆದರೆ ತೋಟದ ನಡುವಿನ ಒಂಟಿ ಮನೆ ಯಾವ ಮಾರ್ಗದಲ್ಲಿದೆಯೆಂಬುದನ್ನು ವಿಚಾರಿಸಿಯೇ ತಿಳಿಯಬೇಕು.

ಬಲ್ಬು ಮಿಣುಕದಿದ್ದರೂ ಯಂತ್ರ ಆರುವುದೇಕೆ? ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಹಿಡಿಸುವಂತೆ ಪರಿವರ್ತಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯಲ್ಲಿ ಅಲ್ಪ ವಿದ್ಯುತ್ ಶೇಖರಣೆಯಿರುತ್ತದೆ. ಪೂರ್ಣ ಹೊರೆಯಿದ್ದಾಗ ಅದು ತಡೆದುಕೊಳ್ಳುವುದು ಒಂದು ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ಕಾಲ ಮಾತ್ರ, ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ. ಹೊರೆ ಹಗುರವಾಗಿದ್ದರೆ ಅದೇ ಶೇಖರಣೆ ಹೆಚ್ಚು ಹೊತ್ತು ಬಾಳುತ್ತದೆ. ಪತ್ರ ಬರೆಯುವಾಗ ತಿಳಿಯದೆಯೇ ದಾಟಿಹೋದ ಇಳಿತ ಆಟದ ವೇಳೆ ಯಂತ್ರವನ್ನು ಕೆಡಹುವುದು ಹೀಗೆ. ವೋಲ್ಟೇಜು ದೀರ್ಘಕಾಲ ಕಡಿಮೆಯಿದ್ದರೆ ಇನ್ನೊಂದು ತೊಡಕು: 300 ವ್ಯಾಟ್‌ಗೆ 230 ವೋಲ್ಟ್‌ನಲ್ಲಿ ಸುಮಾರು 1.3 ಆಂಪಿಯರ್ ಸಾಕು. 170ಕ್ಕೆ ಇಳಿದರೆ ಸುಮಾರು 1.8 ಬೇಕು. ಪೆಟ್ಟಿಗೆಯೊಳಗಿನ ಶಾಖವೂ ಏರುತ್ತದೆ. 200ರಿಂದ 240 ವೋಲ್ಟ್‌ಗೆಂದೇ ಮಾಡಿದ ಪೆಟ್ಟಿಗೆಗಳೂ 100ರಿಂದ 240ರವರೆಗೆ ತಾಳುವ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಚೀಟಿಯನ್ನು ಓದಿ ಕೊಳ್ಳುವುದು ಜಾಣತನ.

ಯು.ಪಿ.ಎಸ್. ಇದೆಯೆಂದು ನೆಮ್ಮದಿಯಾಗಿರುವಂತೆಯೂ ಇಲ್ಲ. 600 ವಿ.ಎ. ಎಂದು ಬರೆದಿರುವ ಸಾಮಾನ್ಯ ಯು.ಪಿ.ಎಸ್. ನಿಜವಾಗಿ ಹೊರಬಲ್ಲದ್ದು ಹೆಚ್ಚಾಗಿ 360 ವ್ಯಾಟ್. ಯಂತ್ರ, ಪರದೆ, ಸ್ಪೀಕರ್ ಎಲ್ಲವೂ ಅದಕ್ಕೇ ತಗುಲಿದರೆ ಅದು ಕೈಬಿಡುವುದು ಆಟದ ನಡುವೆಯೇ. ಮನೆಯ ಇನ್ವರ್ಟರಿಗೆ ಜೋಡಿಸಿದ್ದರೆ, ಅದರ ಹಿಂದಿನ ಗುಂಡಿ ‘ಯು.ಪಿ.ಎಸ್.’ ಎಂಬ ಕಡೆಗಿದೆಯೇ ನೋಡಬೇಕು. ಇಲ್ಲದಿದ್ದರೆ ಅದು ಬ್ಯಾಟರಿಗೆ ಹೊರಳುವುದು ನಿಧಾನವಾಗುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಆಟವನ್ನು ಬದಿಗಿಟ್ಟು ಮೊದಲು ವಿದ್ಯುತ್ ಕೆಲಸದವರನ್ನು ಕರೆಸಿರಿ. ಅರ್ಥಿಂಗ್ ಸರಿಯಿಲ್ಲವೆಂಬುದರ ಸೂಚನೆ ಅದು. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದರೂ ಹೀಗಾಗುತ್ತದೆ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿಯಾದ ವಿದ್ಯುತ್ತು ಉಳಿದಿರುತ್ತದೆ.

ಒಂದು ಸಲಕ್ಕೆ ಒಂದೇ

ಇವೆಲ್ಲ ಸರಿಯಿದ್ದೂ ನೀಲಿ ಪರದೆ ಬರುತ್ತಿದ್ದರೆ ರ‍್ಯಾಮ್ ಪರೀಕ್ಷೆಯಾಗಬೇಕು. 3200 ಎಂದು ಮಾರುವ ಡಿ.ಡಿ.ಆರ್.4 ಪಟ್ಟಿಗಳಲ್ಲಿ ಹಲವು ತಾವಾಗಿ ಅದಕ್ಕಿಂತ ಕಡಿಮೆ ವೇಗದಲ್ಲೇ ನಡೆಯುತ್ತವೆ; ಬಯಾಸ್‌ನಲ್ಲಿ ‘ಎಕ್ಸ್.ಎಂ.ಪಿ.’ ಚಾಲೂ ಮಾಡಿದಾಗಲೇ ಪೂರ್ಣ ವೇಗ ಬರುವುದು. ಅದನ್ನು ತೆಗೆದು ಒಂದು ದಿನ ಆಡಿ ನೋಡಬಹುದು. ಮೆಮ್‌ಟೆಸ್ಟ್86 ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿದರೆ ಇನ್ನೂ ಖಚಿತ. ಅದರಲ್ಲಿ ಒಂದೇ ಒಂದು ತಪ್ಪು ಕಂಡರೂ ಅಲಕ್ಷಿಸುವಂತಿಲ್ಲ.

ಒಂದು ನಿಯಮವನ್ನು ಮಾತ್ರ ಮೀರಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡುವುದು. ನಾಲ್ಕನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಕಾರಣ ಯಾವುದೆಂದು ತಿಳಿಯದು. ಮತ್ತೆ ಕೆಟ್ಟಾಗ ಮತ್ತೆ ಕತ್ತಲೆ. ತಿಪಟೂರು ಸೀಮೆಯ ಹಿರಿಯರು ಅಟ್ಟದ ಕಾಯಿಗಳನ್ನೆಲ್ಲ ಒಡೆದು ನೋಡುವುದಿಲ್ಲ; ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಕಳಚಿತೇ ಇಲ್ಲವೇ ಎಂದು ಸದ್ದಿನಿಂದಲೇ ಹೇಳುತ್ತಾರೆ. ಬೇಕಾದದ್ದು ಆ ತಾಳ್ಮೆಯ ಕಿವಿ.

ಆಟ ಯಾವ ಗಳಿಗೆಯಲ್ಲಿ ನಿಂತಿತೆಂಬುದು ಮೊಮ್ಮಗನ ಪುಸ್ತಕದಲ್ಲಿರುತ್ತದೆ. ತೋಟದ ಮೋಟಾರುಗಳು ಯಾವ ಗಳಿಗೆಯಲ್ಲಿ ಚಾಲೂ ಆಗುತ್ತವೆಂಬುದು ತಾತನಿಗೆ ಬಾಯಿಪಾಠ. ಅವರಿಬ್ಬರೂ ಜಗುಲಿಯ ಮೇಲೆ ಕುಳಿತು ಎರಡು ಲೆಕ್ಕಗಳನ್ನೂ ತಾಳೆ ನೋಡಿದರೆ, ಎರಡು ಕ್ವಿಂಟಲ್ ಕೊಬ್ಬರಿ ಉಳಿಯುವ ಸಂಭವ ಬಹಳ.